ಅಂಗೈಗೆ ಬಡಿದು ಕೊಟ್ಟ ಇಕ್ಕಳ

ನಿದ್ದೆಗಣ್ಣಿನಲ್ಲಿ ಕಂಡದ್ದನ್ನು ನಾನು ಬರೆಯುತ್ತಿಲ್ಲ. ಆ ರಾತ್ರಿ ನಾನು ಪೂರ್ತಿ ಎಚ್ಚರವಾಗಿದ್ದೆ. ಮೊಣಕೈತನಕ ತೊಳೆದುಕೊಂಡು, ಗ್ಲೌಸ್ ಹಾಕಿಕೊಂಡು, ನೆರಳೇ ಬೀಳದಂಥ ದೊಡ್ಡ ದೀಪದ ಕೆಳಗೆ ನಿಂತಿದ್ದೆ. ಜೊತೆಗೆ ಮೂವರು ಡಾಕ್ಟರುಗಳಿದ್ದರು. ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಊಟ ಮಾಡುತ್ತ ಓದುವವರು ಇದನ್ನು ಆಮೇಲೆ ಓದಿರಿ.

ನಾನು ರಾಯಬಾಗದ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ನರ್ಸ್. ನನಗಿಂತ ಮೊದಲು ಆ ಜಾಗದಲ್ಲಿ ನಮ್ಮ ವೈನಿ ಇದ್ದಳು, ಅಣ್ಣನ ಹೆಂಡತಿ. ಎದೆಯ ಕ್ಯಾನ್ಸರ್ ಆಗಿ ತೀರಿಕೊಂಡಳು.

ಕೊನೆಗೆ ಗಡ್ಡೆ ಒಡೆದು ಹುಣ್ಣಾಗಿತ್ತು. ಡ್ರೆಸ್ಸಿಂಗ್ ನಾನೇ ಮಾಡುತ್ತಿದ್ದೆ. ಹಳೆಯ ಬಟ್ಟೆ ಬಿಡಿಸಿದರೆ ಹಳದಿ ನೀರು ಎಳೆ ಎಳೆಯಾಗಿ ಅದರ ಜೊತೆಗೇ ಬರುತ್ತಿತ್ತು. ವಾಸನೆ ಎಳೆದುಕೊಳ್ಳಲಿ ಎಂದು ಮಂಚದ ಕೆಳಗೆ ತಟ್ಟೆಯಲ್ಲಿ ಕಾಫಿ ಪುಡಿ ಇಟ್ಟಿದ್ದೆವು. ಎಳೆದುಕೊಳ್ಳಲಿಲ್ಲ. ಎರಡೂ ಬೆರೆತು ಹೊಸದೊಂದು ವಾಸನೆಯಾಯಿತು... ಕೊಳೆತ ಮಾಂಸ, ಅದರೊಳಗೆ ಕಾಫಿಯ ಕಹಿ.

ಅಂಥ ಸ್ಥಿತಿಯಲ್ಲೂ ವೈನಿ ನನಗೆ ಕೆಲಸ ಕಲಿಸಿದಳು. ವಾರ್ಡಿನಲ್ಲಿದ್ದ ನಾನು ತನ್ನ ಜಾಗಕ್ಕೆ ಬರಬೇಕೆಂದು ಅವಳ ಹಟ. ಅಡುಗೆ ಮನೆಯ ಇಕ್ಕಳ, ಕತ್ತರಿ, ಚಾಕು ಮುಂದೆ ಹರಡಿಕೊಂಡು ನಾನು ಕೂರುತ್ತಿದ್ದೆ. ಅವಳು ಕಣ್ಣು ಮುಚ್ಚಿ ಅಂಗೈ ಚಾಚುತ್ತಿದ್ದಳು.

“ಆರ್ಟರಿ.”

ಆರ್ಟರಿ ಅಂದರೆ ರಕ್ತನಾಳವನ್ನು ಕಚ್ಚಿ ಹಿಡಿದು ರಕ್ತ ನಿಲ್ಲಿಸುವ ಇಕ್ಕಳ. ನಾನು ಅಡುಗೆಯ ಇಕ್ಕಳವನ್ನು ಮೆಲ್ಲಗೆ ಅವಳ ಕೈಯಲ್ಲಿ ಇಟ್ಟರೆ ಬಯ್ಯುತ್ತಿದ್ದಳು.

“ಪ್ರಸಾದ ಕೊಡಾಕತ್ತೀಯೇನಬೇ? ಬಡಿ! ಡಾಕ್ಟರ್ ತಿರುಗಿ ನೋಡಂಗಿಲ್ಲ. ಬಂತು ಅಂತ ಅವರ ಅಂಗೈಗೆ ತಿಳೀಬೇಕು.”

“ನಿನಗ ನೋವಾಗತೈತಿ ವೈನಿ.”

“ನೋವು ಎಲ್ಲಾ ಕಡೆ ಐತಿ, ಅಲ್ಲೊಂದು ಜಾಸ್ತಿ ಆಗಲಿ. ಬಡಿ. ಮತ್ತ ಯಾರ ಮುಖಾನೂ ನೋಡಬ್ಯಾಡ. ಹೊಟ್ಟಿ ನೋಡು, ಕೈ ನೋಡು. ಅಷ್ಟ.”

ಅವಳ ಬಲಗೈ ಬಾತು ದಿಂಬಿನಂತಾಗಿತ್ತು. ಹಾಗಾಗಿ ಎಡಗೈ ಚಾಚುತ್ತಿದ್ದಳು. ಅದರಿಂದ ಏನಾಗುತ್ತದೆ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಅವಳು ಹೋದ ಮೇಲೆ ನಾನು ಥಿಯೇಟರಿನಲ್ಲಿ ನಿಂತಾಗ ಸರ್ಜನ್ ಇಕ್ಕಳವನ್ನು ನೋಡಿ ನನ್ನನ್ನು ನೋಡಿದರು.

“ಏನ್ ಸಿಸ್ಟರ್, ತುದಿ ಉಲ್ಟಾ ಕೊಡ್ತೀರಿ? ನಾ ಎಡಚ ಅದೀನೇನು?”

ಎಲ್ಲರೂ ನಕ್ಕರು. ಬಾಗಿದ ತುದಿ ಬಲಗೈಗೆ ಒಂದು ಕಡೆ ತಿರುಗಿರಬೇಕು, ಎಡಗೈಗೆ ಇನ್ನೊಂದು ಕಡೆ. ನಾನು ಕಲಿತದ್ದೆಲ್ಲ ಎಡಗೈಯದು. ಅದನ್ನು ಮರೆತು ಹೊಸದಾಗಿ ಕಲಿತೆ.

ಮರೆಯಬೇಕಾದದ್ದು ಇನ್ನೊಂದಿತ್ತು. ವೈನಿಯನ್ನು ಆ ವಾಸನೆಯಿಲ್ಲದೆ ನೆನೆಯಬೇಕು ಎನ್ನುವುದೊಂದೇ ಆಗ ನನ್ನ ಆಸೆ. ಅವಳ ನಗೆ ನೆನೆದರೂ, ಬೈಗುಳ ನೆನೆದರೂ, ಮೂಗಿಗೆ ಮೊದಲು ಅದೇ ಬರುತ್ತಿತ್ತು. ಬರಬರುತ್ತ ಕಡಿಮೆಯಾಗುತ್ತಿತ್ತು. ಒಮ್ಮೊಮ್ಮೆ ಬರೀ ಅವಳ ದನಿಯಷ್ಟೇ ನೆನಪಾಗಿ ಸಮಾಧಾನವಾಗುತ್ತಿತ್ತು...

ಆ ರಾತ್ರಿ ದಿಗ್ಗೇವಾಡಿಯಿಂದ ಒಬ್ಬ ಟ್ರ್ಯಾಕ್ಟರ್ ಡ್ರೈವರನನ್ನು ಹೊತ್ತು ತಂದರು. ಕರುಳು ತೂತಾಗಿತ್ತು. ಹೊಟ್ಟೆ ಹಲಗೆಯ ಹಾಗೆ ಬಿಗಿದಿತ್ತು. ಚಿಕ್ಕೋಡಿಯಿಂದ ಸರ್ಜನ್ ಬಂದರು. ಅರಿವಳಿಕೆ ಕೊಡುವ ಮೇಡಂ ರೋಗಿಯ ತಲೆಯ ಕಡೆ ಕೂತರು. ಸರ್ಜನ್ ಎದುರಿಗೆ ಜೂನಿಯರ್ ಡಾಕ್ಟರ್, ಆ ಜೂನಿಯರ್ ಬಲಕ್ಕೆ ನಾನು. ನನ್ನ ಬಲಕ್ಕೆ ಸಲಕರಣೆಯ ಟ್ರಾಲಿ. ಅದರಾಚೆ ಗೋಡೆ.

ಹೊಟ್ಟೆ ಕೊಯ್ದ ಕೂಡಲೇ ಕೀವು ಉಕ್ಕಿ ಬಂತು. ಹಸಿರು, ಹಳದಿ, ಅದರಲ್ಲಿ ತೇಲುವ ಅನ್ನದ ಅಗುಳು. ಮಲದ ವಾಸನೆ ಮಾಸ್ಕಿನೊಳಗೆ ನುಗ್ಗಿ ನಾಲಿಗೆಯ ಮೇಲೆ ಕೂತಿತು. ಹೀರುವ ನಳಿಗೆ ಗುಳುಗುಳು ಎನ್ನುತ್ತಿತ್ತು. ನಾನು ಬಾಯಿಂದ ಉಸಿರಾಡುತ್ತ ಕೈ ನೋಡುತ್ತಿದ್ದೆ. ಹೊಟ್ಟೆ, ಕೈ. ಹೊಟ್ಟೆ, ಕೈ.

ಒಂದು ಕಡೆ ರಕ್ತ ಚಿಮ್ಮಿತು.

“ಆರ್ಟರಿ!”

ಕೈ ಬಂತು. ತುದಿಯನ್ನು ತಿರುಗಿಸಿ ಅಂಗೈಗೆ ಬಡಿದೆ.

ಗ್ಲೌಸಿಗೆ ಬಡಿದರೆ ಗಟ್ಟಿಯಾಗಿ ‘ಟಪ್’ ಅನ್ನುತ್ತದೆ. ಇದು ಹಾಗೆ ಅನ್ನಲಿಲ್ಲ. ‘ಪಚ್’ ಎಂದಿತು... ನೆನೆದ ಹಿಟ್ಟಿಗೆ ಬಡಿದ ಹಾಗೆ. ಬೆರಳುಗಳು ಮಡಚಿಕೊಂಡವು. ಅವುಗಳ ತುದಿ ನನ್ನ ಬೆರಳಿಗೆ ತಾಗಿತು. ಗ್ಲೌಸಿನ ಮೇಲಿಂದಲೂ ಆ ತೊಗಲು ಮೂಳೆಯ ಮೇಲೆ ಜಾರಿದ್ದು ನನಗೆ ಗೊತ್ತಾಯಿತು.

“ಸಿಸ್ಟರ್! ಆರ್ಟರಿ ಕೇಳಿದೆ!”

“ಕೊಟ್ಟೇನ್ರಿ ಸರ್...”

ಸರ್ಜನ್ ಕೈ ಎದುರಿಗೆ ಖಾಲಿ ಇತ್ತು. ಜೂನಿಯರ್ ಡಾಕ್ಟರರ ಎರಡೂ ಕೈ ಗಾಯ ಅಗಲಿಸಿ ಹಿಡಿದಿದ್ದವು. ನಾನು ಇಕ್ಕಳ ಕೊಟ್ಟದ್ದು ನನ್ನ ಬಲಕ್ಕೆ, ಟ್ರಾಲಿಯ ಕಡೆಗೆ. ತುದಿಯನ್ನು ತಿರುಗಿಸಿದ್ದೆನಲ್ಲ... ಅದು ಎಡಗೈಗೆ ತಿರುಗಿಸುವ ರೀತಿ.

ಆಗ ಬಂತು. ಕೀವು ಮಲ ಎಲ್ಲವನ್ನೂ ದಾಟಿ, ಕೊಳೆತ ಮಾಂಸ ಮತ್ತು ಕಾಫಿ.

ಇನ್ನೊಂದು ಇಕ್ಕಳ ಕೊಟ್ಟೆ. ರಕ್ತ ನಿಂತಿತು. ಸರ್ಜನ್ ಕರುಳಿನ ತೂತು ಹೊಲಿದರು. ಹೊಟ್ಟೆ ಮುಚ್ಚುವ ಮೊದಲು ಸಲಕರಣೆ ಎಲ್ಲ ಇವೆಯೇ ಎಂದು ನಾನು ಹೇಳಬೇಕು.

“ಒಂದ್ ಆರ್ಟರಿ ಇಲ್ರಿ ಸರ್.”

ಇಕ್ಕಳ ಹೊಟ್ಟೆಯೊಳಗೆ ಉಳಿದರೆ ಆ ಮನುಷ್ಯ ಉಳಿಯುವುದಿಲ್ಲ. ಹುಡುಕುತ್ತ ಕೂತರೂ ಉಳಿಯುವುದು ಕಷ್ಟವಿತ್ತು.

“ಜಲ್ದಿ ಮಾಡ್ರಿ ಸರ್, ಬಿಪಿ ಇಳಿಯಾಕತ್ತೈತಿ,” ಎಂದರು ಮೇಡಂ.

ಸರ್ಜನ್ ಕರುಳನ್ನು ಮತ್ತೆ ಹೊರಗೆತ್ತಿ ಮಣಿಕಟ್ಟಿನತನಕ ಕೈ ಇಳಿಸಿ ತಡಕಾಡಿದರು. ನಾನು ಬಕೆಟ್ಟಿನಲ್ಲಿದ್ದ ರಕ್ತದ ಬಟ್ಟೆಗಳನ್ನು ಬಿಡಿಸಿ ಬಿಡಿಸಿ ಹಿಂಡಿದೆ. ಹೆಪ್ಪುಗಟ್ಟಿದ ರಕ್ತ ಕುರಿಯ ಲಿವರ್ ತುಂಡಿನಂತೆ ಬೆರಳ ಸಂದಿಯಿಂದ ಜಾರುತ್ತಿತ್ತು. ಟೇಬಲ್ ಕೆಳಗೆ ಇಲ್ಲ, ಟ್ರಾಲಿಯ ಕೆಳಗೆ ಇಲ್ಲ. ಎಕ್ಸ್-ರೇ ಮಷೀನ್ ತಂದು ಅಲ್ಲೇ ತೆಗೆದರು. ಹೊಟ್ಟೆಯಲ್ಲಿ ಏನೂ ಇರಲಿಲ್ಲ.

“ಮುಚ್ಚೋಣು,” ಎಂದರು ಸರ್ಜನ್. ನನ್ನ ಕಡೆ ನೋಡಲಿಲ್ಲ.

ಆ ಮನುಷ್ಯ ಉಳಿದ. ಇಕ್ಕಳ ಇವತ್ತಿಗೂ ಸಿಕ್ಕಿಲ್ಲ.

ನಾನು ಗ್ಲೌಸ್ ಕಳಚಿದೆ. ಎಲ್ಲೂ ಹರಿದಿರಲಿಲ್ಲ, ನೀರು ತುಂಬಿಸಿ ನೋಡಿದೆ, ಒಂದು ಹನಿಯೂ ಸೋರಲಿಲ್ಲ. ಆದರೆ ನನ್ನ ಬಲಗೈಯ ಅಂಗೈ ಒದ್ದೆಯಾಗಿತ್ತು. ಬೆವರಲ್ಲ. ತೆಳ್ಳನೆಯ ಹಳದಿ ನೀರು. ಬೆರಳು ಬಿಡಿಸಿದರೆ ಎಳೆಯಾಗಿ ಎದ್ದಿತು. ಅದನ್ನು ನಾನು ಗುರುತಿಸದಿರಲು ಸಾಧ್ಯವಿಲ್ಲ.

ತೊಳೆದೆ. ಸೋಪು, ಸ್ಪಿರಿಟ್, ಕೊನೆಗೆ ಫಿನಾಯಿಲ್. ತೊಗಲು ಕೆಂಪಾಗಿ ಉರಿಯತೊಡಗಿತು. ಮೂಗಿನ ಹತ್ತಿರ ತಂದೆ... ಇತ್ತು.

ಅಷ್ಟರಲ್ಲಿ ಮೇಡಂ ಬಂದು ಬಾಗಿಲು ಮುಂದೆ ಮಾಡಿದರು. ದನಿ ತಗ್ಗಿಸಿ ಕೇಳಿದರು.

“ಸುವರ್ಣಾ, ನಿನ್ನ ಬಾಜೂಕ ಯಾರ ನಿಂತಿದ್ರು?”

“ಯಾರೂ ಇಲ್ರಿ ಮೇಡಂ.”

“ಇದ್ರು. ಗ್ಲೌಸ್ ಇಲ್ಲದ ಕೈ ಚಾಚಿದ್ರು. ಯಾರದು ಹಂಗ ಬಂದದ್ದು ಅಂತ ಬಯ್ಯಾಕ ಬಾಯಿ ತಗದೆ... ನೋಡೂದ್ರಾಗ ಇರಲಿಲ್ಲ.”

“ಎಡಗೈ ಏನ್ರಿ?”

ಮೇಡಂ ನನ್ನ ಮುಖವನ್ನೇ ನೋಡಿದರು. ಚಪ್ಪಲಿ ಮೆಟ್ಟಿ ಹೊರಟುಹೋದರು. ಈಗಲೂ ಆಪರೇಷನ್ನಿಗೆ ಬರುತ್ತಾರೆ. ಆ ಮಾತು ಎತ್ತುವುದಿಲ್ಲ.

ಸತ್ತವರು ಪ್ರೀತಿಯಿಂದ ಬಂದು ಕಾಯುತ್ತಾರೆ ಎಂದು ಜನ ಹೇಳುತ್ತಾರೆ. ನನಗೆ ಬಂದದ್ದು ಅಳುವಲ್ಲ, ಹೆದರಿಕೆಯೂ ಅಲ್ಲ. ಹೇಸಿಕೆ. ನಾನು ಅಷ್ಟು ಪ್ರೀತಿಸಿದ ಕೈ ನನ್ನ ಕೈಗೆ ತಾಗಿತ್ತು. ನನಗೆ ಬರುತ್ತಿದ್ದದ್ದು ಓಕರಿಕೆ.

ಬೆಳಿಗ್ಗೆ ಮೊದಲ ಬಸ್ಸಿಗೆ ಹಾರೂಗೇರಿಯ ಮನೆಗೆ ಬಂದೆ. ಅಣ್ಣ ಕೆಲಸಕ್ಕೆ ಹೊರಡಲು ತಯಾರಾಗಿದ್ದ. ವೈನಿ ಹೋದಾಗಿನಿಂದ ಅವನು ಊಟ ಅಂತ ಮಾಡಿದ್ದೇ ಇಲ್ಲ. ತಟ್ಟೆಯ ಮುಂದೆ ಕೂತು ಎರಡು ತುತ್ತು ಮುರಿದು ಎದ್ದುಬಿಡುತ್ತಿದ್ದ. ಅಂಗಿ ಹೆಗಲಿನಿಂದ ಜಾರುವಷ್ಟು ಬಡಕಲಾಗಿದ್ದ. ಉಪವಾಸ ಕಳಿಸಲು ಮನಸ್ಸಾಗಲಿಲ್ಲ. ಇನ್ನೊಮ್ಮೆ ಕೈ ತೊಳೆದು ಜೋಳದ ಹಿಟ್ಟು ನಾದಿದೆ. ಮೂಗು ಒಂದು ಕಡೆ ತಿರುಗಿಸಿಕೊಂಡೇ ರೊಟ್ಟಿ ಬಡಿದೆ.

ಅಣ್ಣ ಒಂದು ತುತ್ತು ಬಾಯಿಗಿಟ್ಟವನು ಅಗಿಯುವುದನ್ನು ನಿಲ್ಲಿಸಿದ.

“ಏನಾತೋ ಅಣ್ಣಾ?” ಎಂದೆ.

“ಏನಿಲ್ಲ...” ಅವನ ಕಣ್ಣಲ್ಲಿ ನೀರಿತ್ತು. “ಅಕಿ ಬಡದಂಗ ಆಗೇತಿ ನೋಡು. ಅಕೀದ ಕೈರುಚಿ. ಯಾವಾಗ ಕಲಿಸಿದ್ಲು ನಿನಗ?”

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ವಾಂತಿಯಾಗುತ್ತಿತ್ತು.

“ಇನ್ನೊಂದ ಹಾಕ ಸುವರ್ಣಿ,” ಎಂದ. ಎಷ್ಟೋ ದಿನದ ಮೇಲೆ ಕೇಳಿ ಹಾಕಿಸಿಕೊಂಡ. ಬೇಡ, ಬಿಟ್ಟೇಳು ಎಂದು ನಾನು ಹೇಗೆ ಹೇಳಲಿ?

ಹಾಕಿದೆ. ಆಮೇಲೆ ಹಿತ್ತಲಿಗೆ ಓಡಿದೆ.

ಈಗ ಅಣ್ಣ ಸುಧಾರಿಸಿದ್ದಾನೆ. ಮುಖದಲ್ಲಿ ಮಾಂಸ ತುಂಬಿದೆ. ಓಣಿಯವರೆಲ್ಲ ನನ್ನನ್ನು ಹೊಗಳುತ್ತಾರೆ. ದಿನಾ ರೊಟ್ಟಿ ನಾನೇ ಬಡಿಯುತ್ತೇನೆ, ಅವನು ಹೊಟ್ಟೆ ತುಂಬ ತಿನ್ನುತ್ತಾನೆ.

ನಾನು ಮಾತ್ರ ಅನ್ನವನ್ನು ಚಮಚದಲ್ಲಿ ತಿನ್ನುತ್ತೇನೆ.