ಲಾಂಡ್ರಿಯಿಂದ ಬಂದ ಸುದ್ದಿ

ಜನ ಆಟಗಾರರನ್ನು ಕಾಲಿನ ಚಳಕದಿಂದ ಗುರುತಿಸುತ್ತಾರೆ. ಅವನು ಕಾಲುಚೀಲದಿಂದ ಗುರುತಿಸುತ್ತಿದ್ದ. ಊರಿನ ಫುಟ್‌ಬಾಲ್ ಕ್ಲಬ್ಬಿನ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಅವನಿಗೆ ಕೆಲಸ. ಪಂದ್ಯದ ಮರುದಿನ ಬೆಳಿಗ್ಗೆ ಬಲೆಚೀಲಗಳು ಬಂದು ಬೀಳುತ್ತಿದ್ದವು. ಒಬ್ಬೊಬ್ಬ ಆಟಗಾರನಿಗೆ ಒಂದೊಂದು ಚೀಲ, ಚೀಲದ ಬಾಯಿಗೆ ದೊಡ್ಡ ಪಿನ್ನು, ಪಿನ್ನಿಗೆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ಮೂರನೇ ನಂಬರಿನವನ ಚಡ್ಡಿಯಲ್ಲಿ ಸದಾ ಚೂಯಿಂಗ್ ಗಮ್ಮು. ಎಂಟನೇ ನಂಬರಿನವನ ಕಾಲುಚೀಲದ ಹಿಂಭಾಗದಲ್ಲಿ ಕತ್ತರಿಯಿಂದ ಮಾಡಿದ ಎರಡು ತೂತು, ಮೀನಖಂಡ ಬಿಗಿಯಬಾರದೆಂದು. ಹತ್ತು ವರ್ಷದಿಂದ ಇದೇ ಕ್ಲಬ್ಬಿಗೆ ಆಡುತ್ತಿದ್ದ ಈ ಎಂಟನೆಯವನಿಗೆ ಊರಲ್ಲಿ ಬೇರೆ ಹೆಸರು ಬೇಕಿರಲಿಲ್ಲ. 'ಎಂಟು' ಅಂದರೆ ಸಾಕಿತ್ತು.

ಏನು ಕೆಲಸ ಎಂದು ಯಾರಾದರೂ ಕೇಳಿದರೆ ನಮ್ಮ ಮಹಾಶಯ 'ಕ್ಲಬ್ಬಲ್ಲಿದೀನಿ' ಎನ್ನುತ್ತಿದ್ದ. ಎರಡನೇ ಪ್ರಶ್ನೆ ಬಂದರೆ ಮಾತ್ರ ಸೋಪಿನ ಪುಡಿ ಹೊರಗೆ ಬೀಳುತ್ತಿತ್ತು.

ಅವನು ಇದ್ದದ್ದು ಅಣ್ಣ ಅತ್ತಿಗೆಯ ಮನೆಯಲ್ಲಿ. ಅಣ್ಣ ಸಿಟಿ ಬಸ್ಸಿನ ಡ್ರೈವರ್, ವಯಸ್ಸಿನಲ್ಲಿ ಹದಿನಾಲ್ಕು ವರ್ಷ ದೊಡ್ಡವನು. ತಮ್ಮನನ್ನು ಮೊದಲ ಸಲ ಹೆಗಲ ಮೇಲೆ ಕೂರಿಸಿಕೊಂಡು ಸ್ಟೇಡಿಯಮ್ಮಿಗೆ ಕರೆದುಕೊಂಡು ಹೋದವನೂ ಅವನೇ. ಗೋಲಿನ ಹಿಂದಿನ ಉತ್ತರದ ಸ್ಟ್ಯಾಂಡಿನಲ್ಲಿ ಡೋಲು ಬಾರಿಸುವ ಇನ್ನೂರು ಜನರಿಗೆ ಅಣ್ಣ ಒಂಥರಾ ಯಜಮಾನ. ಯಾವ ಹಾಡು, ಯಾವಾಗ ಕೂಗು, ಯಾರಿಗೆ ಬೈಗುಳ, ಎಲ್ಲ ಅವನು ಹೇಳಿದ ಹಾಗೆ. ಅತ್ತಿಗೆ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ಬಟ್ಟೆ ಆಲ್ಟರ್ ಮಾಡುತ್ತಿದ್ದರು. ಅವರಿಗೆ ಫುಟ್‌ಬಾಲಿನಲ್ಲಿ ಅರ್ಥವಾಗುತ್ತಿದ್ದುದು ಒಂದೇ: ಸೋತ ದಿನ ಗಂಡ ಉಣ್ಣುವುದಿಲ್ಲ.

ಎಂಟನ ಕರಾರು ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಕ್ಲಬ್ಬು ಇನ್ನೊಂದು ವರ್ಷ ಸಾಕು ಅನ್ನುತ್ತದಂತೆ, ಅವನು ಎರಡು ಬೇಕು ಅನ್ನುತ್ತಾನಂತೆ. ಈ 'ಅಂತೆ'ಗಳನ್ನೇ ಜಗಿಯುತ್ತ ಇಡೀ ಊರು ಏಪ್ರಿಲ್ ಕಳೆಯಿತು. 'ಹೋಗಲಿ ಬಿಡ್ರಿ, ಮೂವತ್ತಮೂರಾಯ್ತು, ಮೊಣಕಾಲಲ್ಲಿ ಎಣ್ಣೆ ಇಲ್ಲ' ಎಂದವರಿದ್ದರು. 'ಹತ್ತು ವರ್ಷ ದುಡಿಸ್ಕೊಂಡು ಈಗ ಬಾಗಿಲು ತೋರಿಸ್ತಾರಾ' ಎಂದು ಕಣ್ಣು ತುಂಬಿಕೊಂಡವರೂ ಇದ್ದರು. ಅಣ್ಣ ಮಾತ್ರ ಅತ್ತಿಗೆಯ ಮೂರು ಬಿಳಿ ಬೆಡ್‌ಶೀಟುಗಳನ್ನು ಬೀರುವಿನಿಂದ ಎಳೆದ. ಒಟ್ಟು ಸೇರಿಸಿ ಬ್ಯಾನರ್ ಮಾಡಬೇಕು, ಅದರ ಮೇಲೆ ಕೆಂಪು ಬಟ್ಟೆಯ ಆಳೆತ್ತರದ ಅಕ್ಷರ: 'ನಮ್ಮನ್ನ ಬಿಟ್ಟು ಹೋಗಬೇಡ'.

"ನನ್ನನ್ನ ಮದುವೆಯಾಗೋಕೂ ನೀವು ಇಷ್ಟು ಬೇಡ್ಕೊಂಡಿರ್ಲಿಲ್ಲ" ಎನ್ನುತ್ತ ಅತ್ತಿಗೆ ಹೊಲಿದರು.

ಅದೇ ವಾರ ಕ್ಲಬ್ಬಿನ ಬಟ್ಟೆಬರೆ ನೋಡಿಕೊಳ್ಳುವ ಮೇಲ್ವಿಚಾರಕ ಲಾಂಡ್ರಿಗೆ ಬಂದವನು ಎಂಟನೇ ಬಿಲ್ಲೆಯನ್ನು ಬೆರಳಲ್ಲಿ ತಿರುಗಿಸುತ್ತ ಹೇಳಿದ: "ಕೊನೇ ಪಂದ್ಯ ಆದ್ಮೇಲೆ ಇವನದ್ದೆಲ್ಲ ಬೇರೆ ಒಗೆದು ಡಬ್ಬಕ್ಕೆ ಹಾಕು. ಮನೆಗೆ ತಗೊಂಡು ಹೋಗ್ತಾನೆ. ಬಿಲ್ಲೆ ಹೊಸಬನಿಗೆ."

"ಅಂದ್ರೆ ಸಾರ್..."

"ಅಂದ್ರೆ ಗಿಂದ್ರೆ ಏನಿಲ್ಲ. ಹೊರಗೆ ಬಾಯಿ ಬಿಟ್ಟೆ ಅಂದ್ರೆ ನಿನ್ನ ಬಿಲ್ಲೇನೂ ಹೊಸಬನಿಗೆ."

ಹೀಗೆ ಊರಿಗೆ ಊರೇ ತಲೆ ಕೆಡಿಸಿಕೊಂಡಿದ್ದ ಗುಟ್ಟು, ಸೋಪಿನ ನೊರೆಯಲ್ಲಿ ಮೊಣಕೈವರೆಗೆ ಮುಳುಗಿದ್ದ ಒಬ್ಬನ ಕೈಗೆ ಸಿಕ್ಕಿತು. ಅವನು ಮೂರು ದಿನ ಅದನ್ನು ಬಿಸಿ ಆಲೂಗಡ್ಡೆಯ ಹಾಗೆ ಬಾಯಲ್ಲಿಟ್ಟುಕೊಂಡು ಓಡಾಡಿದ.

ನಾಲ್ಕನೇ ದಿನ ಊಟಕ್ಕೆ ಕೂತಾಗ ಅಣ್ಣ ತಟ್ಟೆ ಸರಿಸಿ ಕೇಳಿದ. "ನೀನು ಒಳಗಡೆ ಇರೋನು. ನಿನಗೇನಾದ್ರೂ ಗೊತ್ತಾ?"

'ಗೊತ್ತಿಲ್ಲ ಅಣ್ಣ' ಎಂದಿದ್ದರೆ ಮುಗಿದಿತ್ತು. ಆದರೆ ಒಳಗಡೆ ಇರೋನು! ಹುಟ್ಟಿದಾಗಿನಿಂದ ಅಣ್ಣ ಅವನನ್ನು ಲೈಟು ಆರಿಸಿದೆಯಾ, ಗೇಟು ಹಾಕಿದೆಯಾ ಎಂದು ಬಿಟ್ಟರೆ ಬೇರೇನೂ ಕೇಳಿದವನಲ್ಲ. ಎದುರಿಗೆ ಅಣ್ಣನ ಮುಟ್ಟದ ತಟ್ಟೆ. ಮರುಕದಿಂದ ಹೇಳಿದೆ ಎಂದು ಆಮೇಲೆ ತನಗೇ ಎಷ್ಟೋ ಸಲ ಸಮಜಾಯಿಷಿ ಕೊಟ್ಟುಕೊಂಡ. ಮರುಕ ಕಾಲು ಪಾಲು ಇದ್ದರೆ ಹೆಚ್ಚು. ಉಳಿದ ಮುಕ್ಕಾಲು ಬರೀ ಜಂಬ.

"ಹೋಗಲ್ಲ ಬಿಡು" ಎಂದ.

"ನಿಜವಾಗ್ಲೂ?"

"ಮುಂದಿನ ಸೀಸನ್ನಿಗೂ ಎಂಟನೇ ಬಿಲ್ಲೆ ಇರುತ್ತೆ. ಅಷ್ಟೇ ಹೇಳಬಲ್ಲೆ."

ಈ ಬಿಲ್ಲೆಯ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ ಎಂಬುದು ಅವನಿಗೆ ಆ ಕ್ಷಣಕ್ಕೆ ಬಹಳ ಜಾಣತನವೆನಿಸಿತು. ಅಣ್ಣ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಎರಡು ಸಲ ಬಡಿಸಿಕೊಂಡ.

ಎರಡೇ ದಿನದಲ್ಲಿ ಇಡೀ ಉತ್ತರದ ಸ್ಟ್ಯಾಂಡಿಗೆ ಸುದ್ದಿ ಮುಟ್ಟಿತು. ಟೀ ಅಂಗಡಿಯಲ್ಲಿ ಗುರುತಿಲ್ಲದವರು ಅವನ ಬೆನ್ನು ತಟ್ಟಿದರು. "ನಮ್ಮ ಲಾಂಡ್ರಿ ಕಣ್ರೋ! ಎಂಟರ ಚಡ್ಡಿ ಇವನ ಕೈಯಲ್ಲಿರುತ್ತೆ!" ಅವನು ಬೇಡ ಬೇಡ ಎನ್ನುತ್ತಲೇ ಇನ್ನೊಂದು ಟೀ ಕುಡಿದ.

ಬ್ಯಾನರಿನ ಒಕ್ಕಣೆ ಬದಲಾಯಿತು. "ಬೇಡ್ಕೊಳ್ಳೋದು ಯಾಕೆ? 'ಉಳಿದೆಯಲ್ಲ, ಅಷ್ಟು ಸಾಕು' ಅಂತ ಹಾಕೋಣ" ಎಂದ ಅಣ್ಣ. ಅತ್ತಿಗೆ ಹಣೆ ಚಚ್ಚಿಕೊಂಡು ಬ್ಲೇಡು ತಂದರು. ಭಾನುವಾರ ಮಧ್ಯಾಹ್ನವಿಡೀ ಅತ್ತಿಗೆ ಮೈದುನ ನೆಲದ ಮೇಲೆ ಕೂತು 'ನಮ್ಮನ್ನ ಬಿಟ್ಟು ಹೋಗಬೇಡ'ವನ್ನು ದಾರ ದಾರವಾಗಿ ಬಿಚ್ಚಿದರು.

'ಡ' ಬಿಚ್ಚುತ್ತಿರುವಾಗ ಅತ್ತಿಗೆ ತಲೆ ಎತ್ತಿದರು. "ನೀನು ಕಿವಿಯಾರೆ ಕೇಳಿದೀಯಾ ತಾನೆ? ನಿಮ್ಮಣ್ಣ ಎಲ್ಲರ ಹತ್ರಾನೂ ನನ್ನ ತಮ್ಮ ಹೇಳಿದಾನೆ, ನನ್ನ ತಮ್ಮ ಹೇಳಿದಾನೆ ಅಂತ ಸಾರ್ಕೊಂಡು ಬರ್ತಿದಾರೆ."

ಹೇಳಿಬಿಡುವುದಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಕೆಲಸ ಹೋಗುವ ಭಯ ಒಂದು ಕಡೆ, ಟೀ ಅಂಗಡಿಯ ಬೆಂಚಿನಲ್ಲಿ ಸಿಗುವ ಮರ್ಯಾದೆ ಇನ್ನೊಂದು ಕಡೆ.

"ದಾರ ಗಂಟಾಗಿದೆ ಅತ್ತಿಗೆ, ಬ್ಲೇಡು ಈ ಕಡೆ ಕೊಡಿ" ಎಂದ.

ಕೊನೆಯ ಪಂದ್ಯದ ದಿನ ಆಟ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚೆ ಬ್ಯಾನರ್ ಸ್ಟ್ಯಾಂಡಿನ ಕಂಬಿಯಿಂದ ಇಳಿಬಿತ್ತು. ಡೋಲಿಗೆ ಕೈ ಬಿದ್ದಿತ್ತು, ಅಷ್ಟೆ. ಮೈಕು ಗೊರಗೊರ ಅಂದು, 'ಇಂದು ಕೊನೆಯ ಬಾರಿಗೆ ನಮ್ಮ ಅಂಗಿ ತೊಡಲಿರುವ' ಎಂದು ಶುರುಮಾಡಿ ಎಂಟನ ಹೆಸರು ಹೇಳಿತು.

ಡೋಲುಗಳು ಒಂದೊಂದಾಗಿ ನಿಂತವು. ಇನ್ನೂರು ತಲೆಗಳು ಅಣ್ಣನ ಕಡೆ ತಿರುಗಿದವು. ಅಣ್ಣ ತಮ್ಮನ ಕಡೆ ತಿರುಗಿದ. ತಮ್ಮ ತನ್ನ ಬೂಟಿನ ಲೇಸನ್ನು ಕಟ್ಟತೊಡಗಿದ, ಅದು ಬಿಚ್ಚಿರಲೇ ಇಲ್ಲ. ಬ್ಯಾನರ್ ಎಳೆಯಲು ನಾಲ್ಕು ಜನ ಓಡಿದರು. ಗಂಟು ಬಿಚ್ಚಲಾಗದಷ್ಟು ಬಿಗಿಯಾಗಿತ್ತು, ತಮ್ಮನೇ ಕಟ್ಟಿದ್ದು.

ಪಂದ್ಯ ಯಾರು ಗೆದ್ದರೆಂದು ಅವನಿಗೆ ನೆನಪಿಲ್ಲ. ಮುಗಿದ ಮೇಲೆ ಎಂಟನೆಯವನು ಒಬ್ಬನೇ ಉತ್ತರದ ಸ್ಟ್ಯಾಂಡಿನ ಎದುರು ಬಂದು ನಿಂತು ತಲೆ ಎತ್ತಿ ಬ್ಯಾನರ್ ಓದಿದ. ಮತ್ತೊಮ್ಮೆ ಓದಿದ. ಅಂಗಿಯ ಅಂಚನ್ನು ಎತ್ತಿ ಮುಖ ಮುಚ್ಚಿಕೊಂಡ. ಇವರು ಆಡಿಕೊಳ್ಳುತ್ತಿದ್ದಾರೆ ಅಂದುಕೊಂಡನೋ, ಅತ್ತನೋ, ತಿಳಿಯಲಿಲ್ಲ. ಚಪ್ಪಾಳೆ ಕೂಡ ಅರ್ಧಂಬರ್ಧ ಬಂತು. ಹಿಂದಿನಿಂದ ಯಾರೋ "ಏನ್ ಲಾಂಡ್ರಿ, ಮಾನಾನೂ ಒಗೆದುಕೊಟ್ಯಲ್ಲೋ" ಎಂದು ಕೂಗಿದರು. ಅಣ್ಣನ ಹೆಗಲು ಕುಸಿದದ್ದು ಅವನಿಗೆ ಕಂಡಿತು. ಹತ್ತು ವರ್ಷದ ಆಟಗಾರನಿಗೆ ಸರಿಯಾದ ಒಂದು ವಿದಾಯ ಹೇಳಲಿಕ್ಕೂ ಅಣ್ಣನಿಗೆ ಆಗಲಿಲ್ಲ.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಮೂರು ಸ್ಟಾಪು ಕಳೆದವು.

"ಗೊತ್ತಿತ್ತಾ?"

"ಗೊತ್ತಿತ್ತು."

"ಅವತ್ತು ಊಟಕ್ಕೆ ಕೂತಾಗಲೂ?"

"ಹ್ಞೂಂ."

"ಗೊತ್ತಿಲ್ಲ ಅಂದಿದ್ರೆ ಸಾಕಾಗಿತ್ತಲ್ಲೋ."

ಬೈದಿದ್ದರೆ ಚೆನ್ನಾಗಿತ್ತು. ಬಸ್ ಡ್ರೈವರೊಬ್ಬ ಅಡ್ಡ ಬಂದ ಸೈಕಲಿನವನಿಗೆ ಬೈಯುವಷ್ಟಾದರೂ ಬೈಯಬಹುದಿತ್ತು. ಅಣ್ಣ ಕಿಟಕಿಯ ಕಡೆ ತಿರುಗಿ ಕೂತ.

ಮರುದಿನ ಎಂಟನೇ ಚೀಲ ಕೊನೆಯ ಸಲ ಬಂತು. ಅಂಗಿಯನ್ನು ಕದ್ದು ಅಣ್ಣನಿಗೆ ಕೊಟ್ಟರೆ ಎಂಬ ಆಲೋಚನೆ ಅವನಿಗೆ ಬಾರದೇ ಇರಲಿಲ್ಲ. ಒಂದು ಮೂರ್ಖತನಕ್ಕೆ ಇನ್ನೊಂದರ ತೇಪೆ. ಬೇರೆಯಾಗಿ ಒಗೆದ, ಇಸ್ತ್ರಿ ಮಾಡಿದ, ತೂತಿನ ಕಾಲುಚೀಲಗಳನ್ನು ಜೋಡಿಸಿ ಡಬ್ಬಕ್ಕೆ ಹಾಕಿದ, ಬಿಲ್ಲೆಯನ್ನು ಮೊಳೆಗೆ ನೇತುಹಾಕಿದ.

ಅತ್ತಿಗೆ ಬ್ಯಾನರನ್ನು ಬಿಚ್ಚಿ ಮತ್ತೆ ಮೂರು ಬೆಡ್‌ಶೀಟು ಮಾಡಿದರು. ಎರಡೆರಡು ಸಲ ಹೊಲಿದು ಬಿಚ್ಚಿದ್ದರಿಂದ ಸೂಜಿಯ ತೂತುಗಳು ಹಾಗೇ ಉಳಿದವು. ಮೂರರಲ್ಲಿ ತೂತು ಹೆಚ್ಚಿದ್ದುದನ್ನು ಮೈದುನನ ಮಂಚಕ್ಕೆ ಹಾಸಿದರು.

ಅಣ್ಣ ಮಾತು ಬಿಡಲಿಲ್ಲ. ಲೈಟು ಆರಿಸಿದೆಯಾ, ಗೇಟು ಹಾಕಿದೆಯಾ ಎಂದು ಎಂದಿನಂತೆ ಕೇಳುತ್ತಾನೆ. ಜೂನ್ ಮೂವತ್ತರ ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಬೂಟು ಹಾಕಿಕೊಳ್ಳುತ್ತ, "ಗಂಟೆ ಎಷ್ಟಾಯ್ತೋ?" ಎಂದ.

"ಆರೂ ಕಾಲು ಅಣ್ಣ."

ಅಣ್ಣ ಒಂದು ಕಾಲಿಗೆ ಬೂಟು ಹಾಕಿಕೊಂಡೇ ಎದ್ದು, ಕುಂಟುತ್ತ ಒಳಕೋಣೆಗೆ ಹೋಗಿ, ಗೋಡೆಯ ಗಡಿಯಾರ ನೋಡಿಕೊಂಡು ಬಂದ.