ನಾನು ತಿದ್ದಿದ ತಾರೀಖು

ಅದು ಗುರುವಾರವೆಂದು ಈಗ ಖಚಿತವಾಗಿ ಹೇಳಬಲ್ಲೆ. ಆ ರಾತ್ರಿ ಕಣ್ತಪ್ಪಿ ನನ್ನ ದಿನಚರಿಯ ಬುಧವಾರದ ಪುಟದಲ್ಲಿ ಬರೆದುಕೊಂಡಿದ್ದೇನೆ; ಆದರೆ ಕೊರಿಯರ್ ರಸೀದಿಯ ಮೇಲೆ ಗುರುವಾರದ ಮುದ್ರೆಯಿದೆ. ಮುದ್ರೆಯನ್ನೇ ನಂಬಬೇಕು.

ಶಾಸನಗಳ ಕಾಲನಿರ್ಣಯದ ಕೆಲಸದಿಂದ ನಿವೃತ್ತನಾದ ಮೇಲೆ ಕುವೈತಿನಲ್ಲಿ ಮಗಳ ಮನೆಯಲ್ಲಿದ್ದೇನೆ. ಎದುರು ಫ್ಲ್ಯಾಟಿನ ಮಹಿಳೆ ಹುಟ್ಟಿದ್ದು ಉಡುಪಿಯ ಕಡೆ. ಕೆಲಸ ಇದೇ ನಗರದ ಮಿರ್ಕಾಬ್ ಬಡಾವಣೆಯ ಒಂದು ಕಚೇರಿಯಲ್ಲಿ. ಪೌರತ್ವ ಮಾತ್ರ ಅಮೆರಿಕದ್ದು. ಇಲ್ಲಿಗೆ ಬರುವ ಮೊದಲು ಆ ದೇಶದ ಒಂದು ಸಣ್ಣ ರಾಜ್ಯದಲ್ಲಿ ಹಲವು ವರ್ಷ ಇದ್ದರು. ಇಡೀ ರಾಜ್ಯಕ್ಕೆ ಸಂಸತ್ತಿನ ಕೆಳಮನೆಯಲ್ಲಿ ಒಂದೇ ಸ್ಥಾನ. ಅಲ್ಲಿನ ಕೊನೆಯ ವಿಳಾಸದ ಆಧಾರದ ಮೇಲೆ ಆ ಸ್ಥಾನಕ್ಕೆ ಅವರು ಇಲ್ಲಿಂದಲೇ ಮತ ಕಳುಹಿಸಬಹುದು. ಕಳೆದ ಚುನಾವಣೆಯಲ್ಲಿ ಅವರ ಲಕೋಟೆ ತಡವಾಗಿ ತಲುಪಿ, ಎಣಿಕೆಗೆ ಸೇರಿರಲಿಲ್ಲ.

"ಊರಿನ ಓಟು ಹಳೇ ಪಾಸ್‌ಪೋರ್ಟಿನೊಟ್ಟಿಗೆ ಹೋಯ್ತು ಸರ್," ಎಂದು ಒಮ್ಮೆ ಹೇಳಿದ್ದರು. "ಇಲ್ಲಿ ನಮಗೆ ಓಟಿನ ಪ್ರಶ್ನೆಯೇ ಇಲ್ಲ. ಭೂಮಿ ಮೇಲೆ ನನಗೆ ಉಳಿದದ್ದು ಇದೊಂದೇ."

ಆ ಸಂಜೆ ಐದರ ಸುಮಾರಿಗೆ ಮತಪತ್ರದ ಮುಚ್ಚಿದ ಲಕೋಟೆಯನ್ನೂ ಒಂದು ಘೋಷಣಾಪತ್ರವನ್ನೂ ಹಿಡಿದು ಬಂದರು. ಸಂಬಂಧಿಯಲ್ಲದ ಸಾಕ್ಷಿಯ ಎದುರಿಗೆ ಅದಕ್ಕೆ ಸಹಿ ಮಾಡಬೇಕಿತ್ತು. ಶುವೈಖ್‌ನ ಕೊರಿಯರ್ ಕಚೇರಿ ಏಳಕ್ಕೆ ಮುಚ್ಚುತ್ತದೆ. ಮರುದಿನ ಶುಕ್ರವಾರ, ರಜೆ. ಅಂದೇ ಹೊರಡದಿದ್ದರೆ ಲಕೋಟೆ ಮತದಾನದ ದಿನದೊಳಗೆ ತಲುಪುವಂತಿರಲಿಲ್ಲ.

ಅವರು ಸಹಿ ಮಾಡಿ ತಾರೀಖು ಬರೆದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವರು ಬರೆದದ್ದು ಹಿಂದಿನ ದಿನದ ತಾರೀಖು. ಶಾಸನಪಾಠದ ಕರಡಿನಲ್ಲಿ ತಪ್ಪು ಕಂಡರೆ ನಾವು ಅಳಿಸುವುದಿಲ್ಲ. ಒಂದೇ ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಪಕ್ಕದಲ್ಲಿ ಕಿರುಸಹಿ ಹಾಕುತ್ತೇವೆ. ನನ್ನ ಕೈ ಅದನ್ನೇ ಮಾಡಿತು.

ಅವರು ಕಾಗದ ತಿರುಗಿಸಿ ಹಿಂಬದಿಯ ಸೂಚನೆಗಳನ್ನು ಓದತೊಡಗಿದರು. ಒಂದು ಸಾಲಿನ ಮೇಲೆ ಬೆರಳು ನಿಂತಿತು: ತಿದ್ದುಪಡಿಯಿರುವ ಘೋಷಣೆಯನ್ನು ತಿರಸ್ಕರಿಸಬಹುದು.

"ತಿರಸ್ಕರಿಸಬಹುದು ಅಂದ್ರ ತಿರಸ್ಕರಿಸೇ ಬಿಡತಾರ ಅಂತಲ್ಲ," ಎಂದೆ. ಆ ಮಾತನ್ನು ನಾನೇ ನಂಬಲಿಲ್ಲ.

"ಹೋದ ಸಲವೂ ತಲುಪಬಹುದು ಅಂತಲೇ ಇತ್ತು ಸರ್."

ಇಬ್ಬರ ಮನೆಯಲ್ಲೂ ಪ್ರಿಂಟರ್ ಇರಲಿಲ್ಲ; ಹೊಸ ಪ್ರತಿ ಮುದ್ರಿಸಲು ಅವರ ಕಚೇರಿಗೇ ಹೋಗಬೇಕಿತ್ತು. ಅವರ ಕಾರಿನಲ್ಲಿ ಹೊರಟೆವು. ವಾರಾಂತ್ಯದ ಸಂಜೆ, ವಾಹನಗಳು ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿದ್ದವು.

"ಸುಮ್ನೆ ಬಿಟ್ಟಿದ್ರೆ ಆಗ್ತಿತ್ತಲ್ಲ ಮಾರಾಯ್ರೆ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

"ತಪ್ಪಿತ್ತಲ್ಲವಾ."

"ನನ್ನ ತಪ್ಪು. ನಂದಾಗಿಯೇ ಇರ್ಲಿಕ್ಕೆ ಬಿಡ್ಬಹುದಿತ್ತು."

ಗಡಿಯಾರ ಆರು ದಾಟಿತ್ತು.

ಕಟ್ಟಡದ ಬಾಗಿಲಲ್ಲಿ ಕಾವಲುಗಾರ ಕೈಯಾಡಿಸಿದ. "ಖಲಾಸ್ ಮೇಡಂ, ಬಂದ್."

"ಏಕ್ ಕಾಗಜ್, ಭಾಯಿ. ಬಸ್ ಏಕ್."

ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಯೇ ಕೌನ್?"

"ಗವಾಹ್," ಎಂದರು ಆಕೆ. ಸಾಕ್ಷಿ.

"ಶಾದಿ ಹೈ ಕ್ಯಾ?" ಎಂದು ಮದುವೆಯ ತಮಾಷೆ ಮಾಡುತ್ತ ಆತ ಬೀಗ ತೆಗೆದ. ಅವರು ನಗಲಿಲ್ಲ, ಲಿಫ್ಟಿನೊಳಗೆ ಹೋದ ಮೇಲೆ ನಕ್ಕರು.

ಹೊಸ ಪ್ರತಿಯ ಮೇಲೆ ಅವರು ನಿಧಾನವಾಗಿ ಬರೆದರು. ನಾನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಸಾಕ್ಷಿಯ ಅಂಕಣದಲ್ಲಿ ನನ್ನ ಸಹಿ, ತಾರೀಖು ಬಿದ್ದ ಮೇಲೆ ಅವರು ಅದನ್ನು ತಮ್ಮ ಫೋನಿನ ತಾರೀಖಿನ ಜೊತೆ ಎರಡು ಬಾರಿ ಹೋಲಿಸಿ ನೋಡಿದರು. ನಾನು ಆಕ್ಷೇಪಿಸಲಿಲ್ಲ.

ಶುವೈಖ್ ತಲುಪಿದಾಗ ಕೊರಿಯರ್ ಕಚೇರಿಯ ಷಟರ್ ಅರ್ಧ ಇಳಿದಿತ್ತು. ಅವರು ಬಗ್ಗಿ ಒಳಗೆ ಹೋದರು. ಮೊಣಕಾಲಿನ ನೋವಿನಿಂದ ನಾನು ಹೊರಗೇ ನಿಂತೆ. ಸ್ವಲ್ಪ ಹೊತ್ತಿಗೆ ಮುದ್ರೆ ಒತ್ತಿದ ಸದ್ದು ಕೇಳಿಸಿತು. ರಸೀದಿಯನ್ನು ತಂದು ನನ್ನ ಕೈಗಿತ್ತರು. "ದಾಖಲೆ ನಿಮ್ಮ ಹತ್ರ ಇರ್ಲಿ. ತಿದ್ದಬೇಡಿ."

ಮುಂದಿನ ದಿನಗಳಲ್ಲಿ ಮತಪತ್ರದ ಸ್ಥಿತಿ ತೋರಿಸುವ ಜಾಲತಾಣವನ್ನು ಅವರಿಗಿಂತ ಹೆಚ್ಚು ಬಾರಿ ನೋಡಿದವನು ನಾನೇ ಇರಬೇಕು. ಪ್ರತಿ ಸಲವೂ, ತಲುಪಿಲ್ಲ. ಮತದಾನದ ಹಿಂದಿನ ದಿನ ಬೆಳಿಗ್ಗೆ ಅವರು ಬಾಗಿಲು ತಟ್ಟಿ, ಫೋನು ಮುಂದೆ ಹಿಡಿದರು. ಸ್ವೀಕರಿಸಲಾಗಿದೆ ಎಂದಿತ್ತು.

ಫಲಿತಾಂಶ ಬಂದ ಮೇಲೆ ಕೇಳಿದೆ. "ನೀವು ಹಾಕಿದವರು?"

"ಸೋತ್ರು ಸರ್," ಎಂದರು. "ಆದ್ರೆ ಸೋತವರ ಓಟಿನಲ್ಲಿ ನಂದೂ ಉಂಟು."

ರಸೀದಿಯನ್ನು ದಿನಚರಿಯ ಬುಧವಾರದ ಪುಟಕ್ಕೇ ಅಂಟಿಸಿಟ್ಟಿದ್ದೇನೆ. ಪುಟವನ್ನು ತಿದ್ದಿಲ್ಲ.