ಗೊಂಬೆ ಮೆಟ್ಟಿಲಿನ ವಾರ್ಡು

ಸಿಸ್ಟರಮ್ಮ ಯಾರ ಕೈ ಹಿಡಿದರೂ ಅವರ ಮೂರು ಬೆರಳು ತಾವಾಗಿಯೇ ಮಣಿಕಟ್ಟಿನ ಒಳಬದಿಗೆ ಜಾರಿ ನಾಡಿಯ ಮೇಲೆ ಕೂರುತ್ತಿದ್ದವು. ಬಾಯಿ ಯೋಗಕ್ಷೇಮ ಕೇಳುತ್ತಿತ್ತು, ಬೆರಳು ಎಣಿಸುತ್ತಿತ್ತು. ಬುಡದವರೆಗೆ ಕತ್ತರಿಸಿದ ಉಗುರು, ಸೋಪಿನ ನೀರಿನಲ್ಲಿ ನೆಂದು ನೆಂದು ಬಿಳಿಚಿದ ತುದಿ. ನಾವು ವೆಸ್ಟ್ ಮಾಂಬಲಂನ ಈ ಫ್ಲಾಟಿಗೆ ಸಾಮಾನು ಇಳಿಸಿದ ದಿನ ಎದುರುಮನೆಯಿಂದ ಬಂದು ನನ್ನ ಕೈ ಹಿಡಿದು, ‘ಕನ್ನಡದೋರಂತೆ, ಸಂತೋಷ. ಈವತ್ತು ಬಿಪಿ ಮಾತ್ರೆ ನುಂಗಿಲ್ಲ ಅಲ್ವಾ?’ ಎಂದರು. ಮಾತ್ರೆಯ ಡಬ್ಬಿ ಯಾವ ಮೂಟೆಯಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಅವರು ಕೊಳ್ಳೇಗಾಲದ ಕಡೆಯವರು. ಕೀಲ್ಪಾಕ್ ಕಡೆಯ ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ರಿಟೈರ್ ಆದವರು. ಮದುವೆಯಾಗಿರಲಿಲ್ಲ. ಭಾನುವಾರ ಚರ್ಚಿಗೆ, ಮಿಕ್ಕ ದಿನ ಯಾರಿಗೆ ಜ್ವರ ಬಂದಿದೆಯೋ ಅವರ ಮನೆಗೆ. ಇಡೀ ಬಿಲ್ಡಿಂಗಿಗೆ ಅವರು ಸಿಸ್ಟರ್, ನಾನೊಬ್ಬಳೇ ಅಮ್ಮ ಸೇರಿಸಿ ಕರೆಯುತ್ತಿದ್ದೆ. ನೀವು ಏನು ಕಷ್ಟ ಹೇಳಿಕೊಂಡರೂ ಪೂರ್ತಿ ಕೇಳಿ, ‘ಆಯ್ತು. ಮುಂದೆ?’ ಅನ್ನುವರು. ಮೊದಮೊದಲು ಇದೇನು ಕಲ್ಲುಮನಸ್ಸು ಅನಿಸಿತ್ತು.

ನಾನು ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತೇನೆ, ಬರೆಯುವುದು ಇನ್ನೂ ನಿಧಾನ. ಆದರೂ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಒಳಗಿರುವ ಸಂತೋಷ ಹಾಲಿನ ಹಾಗೆ ಉಕ್ಕಿ ಒಲೆಯ ಪಾಲಾಗುತ್ತದೆ.

ಸಂತೋಷವೆಲ್ಲ ನನ್ನ ಮೊಮ್ಮಗಳದು. ಮನೆ ಬದಲಾಯಿಸಿದಾಗ ಅವಳ ಸ್ಕೂಲೂ ಬದಲಾಯಿತು. ಹೊಸ ಸ್ಕೂಲಿನಲ್ಲಿ ಒಂದು ವರ್ಷ ಮಾತಾಡಿಸುವವರಿಲ್ಲದೆ ಒಬ್ಬಳೇ ಊಟದ ಡಬ್ಬಿ ತೆಗೆಯುತ್ತಿದ್ದಳಂತೆ. ನನ್ನ ಹತ್ತಿರವೂ ಅಷ್ಟೆ. ನಾನು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಒಂದು ಮಾತು ಹೇಳಿ ರೂಮಿಗೆ ಹೋಗುವಳು. ಆಮೇಲೆ ಎಲ್ಲಿಂದಲೋ ಒಂದು ಆಟ ಕಲಿತು ಬಂದಳು. ಒಬ್ಬರು ಕತೆ ನಡೆಸಬೇಕು, ಮಿಕ್ಕವರು ಕತೆಯ ಒಳಗಿನ ಜನ ಆಗಬೇಕು. ಅವರು ಬಾಗಿಲು ಒಡೆಯುತ್ತೇವೆ ಅನ್ನಬಹುದು, ಓಡಿಹೋಗುತ್ತೇವೆ ಅನ್ನಬಹುದು. ಅದು ಫಲಿಸಿತೋ ಇಲ್ಲವೋ ಎಂದು ದಾಳ ಹೇಳುತ್ತದೆ. ಪಗಡೆಯ ದಾಳ ನೋಡಿದ್ದ ನನಗೆ ಅವಳ ಇಪ್ಪತ್ತು ಮುಖದ ದಾಳ ನೋಡಿಯೇ ತಲೆ ತಿರುಗಿತು. ಕತೆ ನಡೆಸುವವಳು ಇವಳು. ಕಡಲ ತೀರದ ಒಂದು ಉಪ್ಪಿನ ಊರು, ಅಲ್ಲಿ ಉಪ್ಪೆಲ್ಲ ಮಾಯವಾಗಿದೆ, ಕದ್ದವರು ಯಾರು ಎಂಬುದು ಕತೆ. ಊರಿನ ಒಬ್ಬೊಬ್ಬರ ಮೇಲೂ ಐದೈದು ಪುಟ ಬರೆದು ರೂಮಿನ ನೆಲದ ತುಂಬ ಹರಡಿಕೊಂಡಿದ್ದಳು.

ಅವಳ ಸ್ಕೂಲಿನ ನಾಲ್ಕು ಹುಡುಗಿಯರು ಆಡಲು ಬರತೊಡಗಿದರು. ಮೊದಲ ಎರಡು ಸಲವೂ ಆಟ ಕೆಟ್ಟಿತು. ಅವರು ಏನಾದರೂ ಕೇಳಿದರೆ ಇವಳು ಹಾಳೆ ಹುಡುಕುವಳು, ಅಷ್ಟರಲ್ಲಿ ಅವರು ಫೋನು ತೆಗೆಯುವರು. ಎರಡನೇ ಸಲ ಹೋಗುವಾಗ ಒಬ್ಬಳು ಮೆಟ್ಟಿಲಲ್ಲಿ, ಮುಂದಿನ ಸಲವೂ ಹೀಗೇ ಆದರೆ ಸಿನಿಮಾಕ್ಕೆ ಹೋಗೋಣ ಎಂದದ್ದು ನಮ್ಮ ಬಾಗಿಲಿಗೆ ಕೇಳಿಸಿತು. ಇವಳಿಗೂ ಕೇಳಿಸಿತು. ಮೂರನೇ ಸಲಕ್ಕೆ ಸರಸ್ವತಿ ಪೂಜೆಯ ರಜೆಯ ಸಂಜೆ ಎಂದು ನಿಗದಿಯಾಯಿತು.

ಅಲ್ಲಿಗೆ ನನ್ನ ಕೈ ಬಿತ್ತು. ಪೂಜೆಯ ಬೆಳಿಗ್ಗೆ ಮನೆಯ ಪುಸ್ತಕಗಳನ್ನೆಲ್ಲ ದೇವಿಯ ಮುಂದೆ ಪೇರಿಸುವುದು ನಮ್ಮ ಪದ್ಧತಿ. ಅವಳು ಸ್ನಾನಕ್ಕೆ ಹೋದಾಗ ರೂಮಿಗೆ ಹೋದೆ, ನೆಲದ ಮೇಲಿದ್ದ ಹಾಳೆಗಳನ್ನೆಲ್ಲ ಬಳಿದೆ. ದೊಡ್ಡದು ಕೆಳಗೆ, ಚಿಕ್ಕದು ಮೇಲೆ, ಪಾತ್ರೆ ಜೋಡಿಸಿದ ಹಾಗೆ ಅಚ್ಚುಕಟ್ಟಾಗಿ ಜೋಡಿಸಿ, ಕೆಂಪು ದಾರ ಕಟ್ಟಿ, ಅರಿಶಿನ ಕುಂಕುಮ ಹಚ್ಚಿ, ಹೂವೇರಿಸಿದೆ. ಒಂದು ಸಲ ಪೂಜೆಗಿಟ್ಟರೆ ಮಾರನೆಯ ದಿನ ಪುನಃಪೂಜೆ ಆಗುವ ತನಕ ಮುಟ್ಟುವಂತಿಲ್ಲ, ಓದುವಂತಿಲ್ಲ, ಬರೆಯುವಂತಿಲ್ಲ.

ಮೊಮ್ಮಗಳು ತಲೆ ಒರೆಸುತ್ತ ಬಂದು ದೇವರ ಮುಂದೆ ನಿಂತಳು. ‘ಅಜ್ಜಿ, ಎನ್ನ ಪಣ್ಣಿಟ್ಟೆ’ ಎಂದಳು. ಏನು ಮಾಡಿಬಿಟ್ಟೆ ಎಂದು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೊಸೆ, ‘ಬಿಚ್ಚಿ ಕೊಡಿ ಅತ್ತೆ, ದೇವರೇನು ಪೊಲೀಸಾ?’ ಎಂದಳು. ನನ್ನ ಕೈ ಹೋಗಲಿಲ್ಲ. ನನಗೆ ಓದು ಕೊಡದಿದ್ದರೂ ಆ ತಾಯಿಯ ಪೂಜೆಯನ್ನು ಒಂದು ವರ್ಷವೂ ತಪ್ಪಿಸಿದವಳಲ್ಲ ನಾನು. ಮಗು ನನ್ನ ಮುಖ ನೋಡಿತು, ತಾನೂ ದಾರ ಮುಟ್ಟಲಿಲ್ಲ. ಸೋಫಾದಲ್ಲಿ ಕೂತು, ಬರಬೇಡಿ ಎಂದು ಗೆಳತಿಯರಿಗೆ ಕಳಿಸಲು ಫೋನು ತೆಗೆದಳು.

ಕಡಲೆಯ ಸುಂಡಲ್ ತಿನ್ನಲು ಕರೆದಿದ್ದ ಸಿಸ್ಟರಮ್ಮ ಆಗಲೇ ಒಳಗೆ ಬಂದರು. ಅವಳ ಪಕ್ಕ ಕೂತು ಕೈ ಹಿಡಿದರು, ಬೆರಳು ನಾಡಿಗೆ ಹೋಯಿತು.

‘ಓಡ್ತಾ ಇದೆಯಲ್ಲೇ. ಏನಾಯ್ತು?’

ಅವಳು ತಮಿಳಿನಲ್ಲಿ ಹೇಳಿದಳು, ಅವಳ ಮಾತನ್ನು ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ. ಸಿಸ್ಟರಮ್ಮ ಪೂರ್ತಿ ಕೇಳಿದರು.

‘ಆಯ್ತು. ಮುಂದೆ?’

‘ಮುಂದೆ ಏನೂ ಇಲ್ಲ ಸಿಸ್ಟರ್. ಎಲ್ಲಾ ಪೇಪರ್‌ನಲ್ಲೇ ಇರೋದು.’

‘ಪೇಪರ್ ಬರೆದವರು ಯಾರು? ಡ್ಯೂಟಿ ಬದಲಾಗೋವಾಗ ಮುಂದಿನ ಸಿಸ್ಟರಿಗೆ ನಲವತ್ತು ಪೇಷಂಟನ್ನ ಒಪ್ಪಿಸಿ ಬರ್ತಿದ್ದೆ ನಾನು. ಒಬ್ಬೊಬ್ಬರಿಗೆ ಐದು ಪುಟ ಓದ್ತಾ ಕೂತಿದ್ದರೆ ಅಷ್ಟರಲ್ಲಿ ಅವರು ಮೇಲೇ ಹೋಗಿಬಿಡೋರು. ಮೂರೇ ಮಾತು. ಹೆಸರೇನು, ಏನು ಬೇಕು, ಯಾವುದಕ್ಕೆ ಹೆದರ್ತಾರೆ. ಎದ್ದೇಳು.’

‘ಬರೆಯೋ ಹಾಗಿಲ್ಲ ಸಿಸ್ಟರಮ್ಮ, ಈವತ್ತು’ ಎಂದೆ ನಾನು, ಅಳುಕುತ್ತಲೇ.

‘ಬರೆಯೋದು ಬೇಡ. ಹೇಳಬಾರದು ಅಂತ ನಿಮ್ಮ ದೇವರು ಹೇಳಿಲ್ಲವಲ್ಲ.’

ಅವರ ಕಣ್ಣು ಹಜಾರದಲ್ಲಿ ಕೂರಿಸಿದ್ದ ನವರಾತ್ರಿಯ ಗೊಂಬೆಗಳ ಮೇಲೆ ಹೋಯಿತು. ಏಳು ಮೆಟ್ಟಿಲು. ‘ಮೇಲಿನ ನಾಲ್ಕು ದೇವರು, ಪಟ್ಟದ ಗೊಂಬೆ. ಅದು ವಿಐಪಿ ವಾರ್ಡು, ಅಲ್ಲಿಗೆ ನಾವು ಹೋಗೋದಿಲ್ಲ. ಕೆಳಗಿನ ಮೂರು ನಮ್ಮದು. ಬಾ, ರೌಂಡ್ಸ್ ಶುರು.’ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿಯ ಗೊಂಬೆಗೆ ಬೆರಳು ತೋರಿಸಿದರು. ‘ಇವರು ಯಾರು?’

ಮೊಮ್ಮಗಳು ತಡವರಿಸಿದಳು. ‘ಉಪ್ಪಿನ ಗೋಡೌನ್ ಓನರ್. ಅವನಿಗೆ...’

‘ಮೊದಲು ಹೆಸರು. ಹೆಸರಿಲ್ಲದೆ ನನ್ನ ವಾರ್ಡಲ್ಲಿ ಯಾರೂ ಮಲಗಿಲ್ಲ.’

ಹೆಸರು ಬಂತು. ಬೇಕಾದದ್ದು ಬಂತು, ಭಯ ಬಂತು. ಆಯ್ತು, ಮುಂದೆ. ತಂಜಾವೂರಿನ ತಲೆಯಾಡಿಸುವ ಗೊಂಬೆ ಎಲ್ಲರಿಗೂ ಹೂಂ ಅನ್ನುವ ಅಧಿಕಾರಿಯಾಯಿತು. ಬ್ಯಾಂಡ್ ಸೆಟ್ಟಿನ ಗೊಂಬೆಗಳು ಕಾವಲಿನವರಾದವು. ಸಿಸ್ಟರಮ್ಮ ಒಂದೊಂದನ್ನೂ ತಟ್ಟಿ ಕೇಳುತ್ತ ಹೋದರು, ಇವಳು ಹಾಳೆಯಿಲ್ಲದೆ ಹೇಳುತ್ತ ಹೋದಳು. ನೋಡನೋಡುತ್ತ ಮುಖದ ಬಣ್ಣವೇ ಬದಲಾಯಿತು.

ಕೊನೆಯ ಮೆಟ್ಟಿಲಿನಲ್ಲಿ ತರಕಾರಿ ಮಾರುವ ಮುದುಕಿಯ ಗೊಂಬೆ. ‘ಈ ಅಜ್ಜಿ?’

‘ಛತ್ರದಲ್ಲಿ ಅಡುಗೆ ಮಾಡೋ ಅಜ್ಜಿ.’ ಹೆಸರು ಹೇಳಿದಳು. ‘ಎಲ್ಲಾರೂ ಊಟ ಮಾಡಬೇಕು, ಅದೇ ಅವರಿಗೆ ಬೇಕಾಗಿರೋದು.’

‘ಭಯ?’

ಮೊಮ್ಮಗಳು ತಲೆ ತಗ್ಗಿಸಿದಳು. ‘ಓದಕ್ಕೆ ಬರಲ್ಲ ಅಂತ ಬೇರೆಯವರಿಗೆ ಗೊತ್ತಾಗಿಬಿಡುತ್ತೆ ಅಂತ.’

ಬಸ್ಸಿನ ಬೋರ್ಡು ಓದಲಾಗದೆ ಕನ್ನಡಕ ಮರೆತೆ ಅನ್ನುವುದು, ಔಷಧಿಯ ಚೀಟಿಯನ್ನು ಇನ್ನೊಬ್ಬರ ಕೈಗೆ ಕೊಟ್ಟು ಕಣ್ಣುರಿ ಅನ್ನುವುದು, ಇದನ್ನೆಲ್ಲ ನಾನು ಯಾರಿಗೂ ಹೇಳಿದವಳಲ್ಲ. ರೂಮಿನ ಬಾಗಿಲು ಹಾಕಿಕೊಂಡಿರುವ ಮಗು ಇದನ್ನು ಯಾವಾಗ ನೋಡಿತು? ಸಿಸ್ಟರಮ್ಮ ನನ್ನ ಕಡೆ ತಿರುಗಲೇ ಇಲ್ಲ. ಗೊಂಬೆಯ ಸೆರಗಿನ ಧೂಳು ಒರೆಸಿ, ‘ಆಯ್ತು. ಮುಂದೆ?’ ಎಂದರು. ಆ ಮಾತು ಕಲ್ಲುಮನಸ್ಸಿನದಲ್ಲ ಎಂದು ಅವತ್ತು ತಿಳಿಯಿತು.

ಸಂಜೆ ನಾಲ್ವರೂ ಬಂದು ಗೊಂಬೆಗಳ ಮುಂದೆ ಜಮಖಾನದ ಮೇಲೆ ಕೂತರು. ಇವಳು ಏನನ್ನೂ ಹುಡುಕಲಿಲ್ಲ. ಅವರು ಗೋಡೌನಿಗೆ ಹೋದರೆ ಶೆಟ್ಟಿಯ ಕಡೆ ಒಂದು ಸಲ ನೋಡುವಳು, ಶೆಟ್ಟಿಯೇ ಆಗಿಬಿಡುವಳು. ಉಪ್ಪು ಎಲ್ಲಿ ಎಂದು ಕೇಳಿದ್ದಕ್ಕೆ ಅಧಿಕಾರಿ ತಲೆಯಾಡಿಸಿದಾಗ ಹುಡುಗಿಯರು ಬಿದ್ದುಬಿದ್ದು ನಕ್ಕರು. ನಾನು ಸುಂಡಲ್ ತಟ್ಟೆ ಹಿಡಿದು ಬರುವ ಹೊತ್ತಿಗೆ ಅವರು ಛತ್ರಕ್ಕೆ ಬಂದಿದ್ದರು. ಮೊಮ್ಮಗಳು ಸೊಂಟಕ್ಕೆ ಕೈ ಕೊಟ್ಟು, ‘ಊಟ ಮಾಡ್ದೆ ಎದ್ದೋದ್ರೆ ಕಾಲು ಮುರೀತೀನಿ. ಕೂತ್ಕೊಳ್ರೇ. ಕಳ್ಳ ಎಲ್ಲೂ ಓಡೋಗಲ್ಲ, ಸಾರು ಆರೋಗುತ್ತೆ’ ಎಂದಳು.

ನನ್ನದೇ ಗಂಟಲು. ನಮ್ಮ ನಂಜನಗೂಡಿನ ಕಡೆಯ ಕನ್ನಡ, ಒಂದು ಅಕ್ಷರ ಆಚೀಚೆಯಿಲ್ಲದೆ. ತಮಿಳಿನಲ್ಲೇ ಉತ್ತರ ಕೊಡುವ ಮಗುವಿಗೆ ನನ್ನ ಮಾತು ಅಂಟಲೇ ಇಲ್ಲ ಎಂದುಕೊಂಡಿದ್ದೆ. ಅಷ್ಟನ್ನೂ ಎತ್ತಿಟ್ಟುಕೊಂಡಿದ್ದಳು. ಆ ನಾಲ್ವರಿಗೆ ಅರ್ಧ ಅರ್ಥವಾಯಿತೋ ಇಲ್ಲವೋ, ಯಾರೂ ಫೋನು ಮುಟ್ಟಲಿಲ್ಲ. ಏಳುವಾಗ ಸಿನಿಮಾದ ಮಾತಾಡಿದ್ದ ಹುಡುಗಿಯೇ, ಮುಂದಿನ ಶನಿವಾರವಾ ಎಂದು ಕೇಳಿದಳು. ನಾನು ತಟ್ಟೆ ಹಿಡಿದುಕೊಂಡು ಅಲ್ಲೇ ಇದ್ದೆ.

ಆಮೇಲೆ ಆ ಐದೈದು ಪುಟ ಹೋಗಿ ಅಂಗೈಯಗಲದ ಕಾರ್ಡುಗಳು ಬಂದವು. ಒಬ್ಬರಿಗೆ ಒಂದು ಕಾರ್ಡು, ಮೂರು ಸಾಲು. ಇಡುವುದಕ್ಕೆ ಸಿಸ್ಟರಮ್ಮನೇ ತಮ್ಮ ಹಳೆಯ ಇಂಜೆಕ್ಷನ್ ಡಬ್ಬಿ ಕೊಟ್ಟರು, ತಗಡಿನದು. ಆಟ ಮುಗಿದ ಕೂಡಲೇ ಯಾರಿಗೆ ಏನಾಯಿತು ಎಂದು ಕಾರ್ಡಿನ ಹಿಂದೆ ಒಂದು ಸಾಲು ಬರೆಯದೆ ಅವಳು ಏಳುವಂತಿರಲಿಲ್ಲ. ‘ನಾಳೆ ಬರಿತೀನಿ ಅಂದವಳನ್ನ ನಾನು ಡ್ಯೂಟಿಯಿಂದ ಬಿಟ್ಟಿಲ್ಲ’ ಅನ್ನುವರು. ಶುಕ್ರವಾರ ಸಂಜೆ ಬಂದು ರೌಂಡ್ಸ್ ಕೇಳುವರು. ಒಂದು ಸಲ ಬಾಗಿಲಿಗೆ ಬಂದ ಪೇಪರಿನವನು, ಇವಳು ‘ನಾಳೆ ಆ ಶೆಟ್ಟಿಯನ್ನ ಕೊಂದುಬಿಡ್ತಾರೆ ಅನ್ಸುತ್ತೆ ಸಿಸ್ಟರ್’ ಎನ್ನುವುದನ್ನೂ ಅವರು ‘ಆಯ್ತು, ಮುಂದೆ?’ ಎನ್ನುವುದನ್ನೂ ಕೇಳಿ ಚಿಲ್ಲರೆ ಬಿಟ್ಟು ಹೋದ.

ಹೋದ ಬೇಸಿಗೆಯಲ್ಲಿ ಸಿಸ್ಟರಮ್ಮನೇ ಮಲಗಿದರು. ಅವರು ಕೆಲಸ ಮಾಡಿದ ಆಸ್ಪತ್ರೆಗೇ ಸೇರಿಸಿದೆವು. ನಾವು ನೋಡಲು ಹೋದ ಮಧ್ಯಾಹ್ನ ಡ್ಯೂಟಿ ಬದಲಾಗುತ್ತಿತ್ತು, ಹೊಸದಾಗಿ ಬಂದ ನರ್ಸು ಚಿಕ್ಕ ವಯಸ್ಸಿನವಳು. ಹೊರಗಿನವರ ಮುಂದೆ ಬಾಯಿ ಬಿಡದ ನನ್ನ ಮೊಮ್ಮಗಳು ಮಂಚದ ಕಾಲ ಹತ್ತಿರ ನೆಟ್ಟಗೆ ನಿಂತು ತಮಿಳಿನಲ್ಲಿ ಒಪ್ಪಿಸಿದಳು. ಮೊದಲು ಹೆಸರು ಹೇಳಿದಳು. ಆಮೇಲೆ, ಇವರಿಗೆ ಕಿಟಕಿಯ ಪರದೆ ತೆಗೆದಿರಬೇಕು ಎಂದಳು. ಆಮೇಲೆ, ಇವರು ಹೆದರುವುದು ಇನ್ನೊಬ್ಬರಿಗೆ ತೊಂದರೆ ಕೊಡುತ್ತೇನೇನೋ ಎಂದು. ನೋವಿದ್ದರೂ ಬೆಲ್ ಒತ್ತುವುದಿಲ್ಲ, ನೀವೇ ಬಂದು ಬಂದು ಕೇಳಬೇಕು ಎಂದಳು. ಆ ನರ್ಸು ತಲೆಯಾಡಿಸಿ ಪರದೆ ಸರಿಸಿದಳು.

ಸಿಸ್ಟರಮ್ಮ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದರು. ‘ವಯಸ್ಸು ಬಿಟ್ಟೆ ಕಣೇ’ ಎಂದರು. ಮತ್ತೆ ತಾವೇ, ‘ಹೋಗ್ಲಿ. ಹೆಂಗಸರ ವಯಸ್ಸು ಹೇಳಬಾರದು.’ ನಮಗೆ ಅವರು ಆಡಿದ ಕೊನೆಯ ಮಾತು ಅದೇ. ಎರಡು ದಿನಕ್ಕೆ ಸುದ್ದಿ ಬಂದಾಗ ನಾನು ಕಾಫಿ ಸೋಸುತ್ತಿದ್ದೆ, ಆಮೇಲೆ ಅದನ್ನು ಯಾರು ಕುಡಿದರೋ ತಿಳಿಯದು.

ಈ ವರ್ಷದ ಸರಸ್ವತಿ ಪೂಜೆಗೆ ಮೊದಲೇ ಕೇಳಿದೆ, ‘ನಿನ್ನ ಡಬ್ಬಿ ಇಡಬಹುದೇನೇ?’ ಎಂದು. ಮೊಮ್ಮಗಳು ತಾನೇ ತಂದು ದೇವಿಯ ಮುಂದಿಟ್ಟಳು, ತಾನೇ ಕುಂಕುಮ ಹಚ್ಚಿದಳು. ಒಂದು ಕಾರ್ಡನ್ನು ಮಾತ್ರ ಹೊರಗೆ ತೆಗೆದು ಕೊನೆಯ ಮೆಟ್ಟಿಲಿನಲ್ಲಿ ತರಕಾರಿ ಅಜ್ಜಿಯ ಪಕ್ಕಕ್ಕೆ ಒರಗಿಸಿದಳು. ಅದರ ಮೇಲೆ ಕನ್ನಡದ ಅಕ್ಷರ, ನಾನು ಓದಲಿ ಎಂದೇ ದೊಡ್ಡದಾಗಿ ಬರೆದದ್ದು. ಕೂಡಿಸಿಕೊಂಡು ಓದಿದೆ. ಸಿಸ್ಟರಮ್ಮನ ಹೆಸರು.

‘ಇದನ್ನೂ ಒಳಗೆ ಇಡಬೇಕಲ್ಲವೇನೇ?’ ಎಂದೆ.

‘ಬೇಡ ಅಜ್ಜಿ’ ಎಂದಳು, ಕನ್ನಡದಲ್ಲೇ. ‘ಅವರು ಡ್ಯೂಟಿಲಿದಾರೆ.’